ವಿಷಯದಾನ

ಅನ್ನದಾನ, ವಸ್ತ್ರದಾನ, ಗೋದಾನ, ಭೂದಾನಗಳ ಮಹಿಮೆಯನ್ನು ನಮ್ಮ ಹಿರಿಯರು ವಿಸ್ತಾರವಾಗಿ ವರ್ಣಿಸಿದ್ದಾರೆ. ಆದರೆ ಕೊಡುವವನಿಗೆ ಕವಡೆಕಾಸಿನ ಖರ್ಚೂ ಇಲ್ಲದೆ, ಪಡೆಯುವವನಿಗೆ ಮಾತ್ರ ನಿದ್ರಾಹಾರಗಳ ಲೋಪವನ್ನುಂಟುಮಾಡುವ ದಾನವೊಂದಿದೆಯೆಂಬುದು ಅವರ ಗಮನಕ್ಕೆ ಬಂದಂತೆ ತೋರುವುದಿಲ್ಲ. ಅದೇ ವಿಷಯದಾನ. ಭಾಷಣಕಾರರಿಗೆ ವಿಷಯ, ಪ್ರಬಂಧಸ್ಪರ್ಧೆಯ ಬಾಲಕರಿಗೆ ವಿಷಯ, ಕವಿಗೋಷ್ಠಿಯ ಕವಿಗಳಿಗೆ ವಿಷಯ, ಹೀಗೆ ಬೇಡಿದವರಿಗೂ ಬೇಡದವರಿಗೂ ವಿಷಯಗಳನ್ನು ಧಾರಾಳವಾಗಿ ಹಂಚುವ ಮಹನೀಯರಿಗೆ ನಮ್ಮ ಮೈಸೂರಿನಲ್ಲಿ ಎಂದೂ ಕೊರತೆಯಾದದ್ದಿಲ್ಲ. ಇತ್ತೀಚೆಗೆ ಈ ಪರಂಪರೆಗೆ ಒಂದು ನೂತನ ಶಾಖೆ ಸೇರಿದೆ: ಆನ್‌ಲೈನಿನಲ್ಲಿ ನಡೆಯುವ ಸಂಗೀತರಚನಾ ಸ್ಪರ್ಧೆಗೆ ವಿಷಯವನ್ನು ಗೊತ್ತುಮಾಡುವುದು. ಆ ದಾನಿಗಳ ಸಾಲಿನಲ್ಲಿ ನನಗೂ ಒಂದು ಕುರ್ಚಿ ದೊರೆತಿರುವುದರಿಂದ, ಅದರ ಸುಖದುಃಖಗಳನ್ನು ಕುರಿತು ನಾಲ್ಕು ಮಾತು ಆಡುವ ಅಧಿಕಾರ ನನಗಿದೆಯೆಂದು ಭಾವಿಸಿಕೊಂಡಿದ್ದೇನೆ.

ನಮ್ಮದು ದೊಡ್ಡ ಸಭೆಯಲ್ಲ. ಜೆ.ಎಲ್.ಬಿ. ರಸ್ತೆಯ ನಾದಬ್ರಹ್ಮ ಸಂಗೀತ ಸಭೆಯ ಹಿರಿತನವಾಗಲಿ, ಕುವೆಂಪುನಗರದ ಗಾನಭಾರತಿಯ ಅಚ್ಚುಕಟ್ಟಾಗಲಿ, ಎಂಟನೆಯ ಕ್ರಾಸಿನ ಗಣಪತಿ ಉತ್ಸವದ ಜನಸಂದಣಿಯಾಗಲಿ ಅದಕ್ಕಿಲ್ಲ. ರಾಮನವಮಿಗೊಂದು ಚಪ್ಪರ, ಚಪ್ಪರದಡಿಯಲ್ಲಿ ಕೆಲವು ಕಛೇರಿ, ಕಛೇರಿಯ ಕೊನೆಯಲ್ಲಿ ಪಾನಕ ಕೋಸಂಬರಿ, ಇಷ್ಟರಿಂದಲೇ ಸಂತುಷ್ಟವಾಗಿದ್ದ ಆ ಪುಟ್ಟ ಸಂಸ್ಥೆಯು, ಕೊರೊನಾ ಬಂದು ಊರಿಗೆ ಊರೇ ಕದ ಹಾಕಿಕೊಂಡು ಕುಳಿತಾಗ, ಅನ್ಯಗತಿಯಿಲ್ಲದೆ ಮೊಬೈಲಿನ ಪರದೆಯೊಳಕ್ಕೆ ವಲಸೆ ಹೋಯಿತು. ರೋಗ ಹೋಯಿತು, ಅಭ್ಯಾಸ ಉಳಿಯಿತು. ಹೀಗೆ ಉಳಿದ ಅಭ್ಯಾಸದ ಫಲವಾಗಿಯೇ, ಸಾಹಿತ್ಯವೂ ಮಟ್ಟೂ ಸ್ವಂತದ್ದಾಗಿರುವ ಹಾಡನ್ನು ಯಾವ ದೇಶದಲ್ಲಿರುವ ಯಾವ ಕನ್ನಡಿಗನಾದರೂ ಮನೆಯಲ್ಲೇ ಕುಳಿತು ಹಾಡಿ, ಧ್ವನಿಮುದ್ರಿಸಿ ಕಳಿಸಬಹುದಾದ ಈ ಸ್ಪರ್ಧೆ ಹುಟ್ಟಿತು. ವಿಷಯ ನಿರ್ಣಯಕ್ಕೆಂದು ಒಂದು ಉಪಸಮಿತಿ ಏರ್ಪಟ್ಟಿತು: ಅರ್ಧ ಶತಮಾನದಿಂದ ವೀಣೆ ಕಲಿಸುತ್ತಿರುವ ವಿದುಷಿಯೊಬ್ಬರು, ಇತಿಹಾಸದ ನಿವೃತ್ತ ಪ್ರಾಧ್ಯಾಪಕರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದರೂ ಲೆಕ್ಕದಿಂದ ನಿವೃತ್ತರಾಗದ ನಮ್ಮ ಕಾರ್ಯದರ್ಶಿಗಳು, ಕಂಪ್ಯೂಟರ್ ಬಲ್ಲ ಒಬ್ಬ ಹುಡುಗ, ಮತ್ತು ನಾನು. ನನ್ನನ್ನು ಸೇರಿಸಿಕೊಂಡದ್ದಕ್ಕೆ ಕಾರ್ಯದರ್ಶಿಗಳು ಕೊಟ್ಟ ಕಾರಣವು ನಿರ್ವಿವಾದವಾದದ್ದು: ‘ಇವರಿಗೆ ಸಂಗೀತ ಬರುವುದಿಲ್ಲ, ಆದ್ದರಿಂದ ಪಕ್ಷಪಾತಕ್ಕೆ ಆಸ್ಪದವಿಲ್ಲ.’ ಕಛೇರಿಗಳಲ್ಲಿ ನಾನು ತೊಡೆಯ ಮೇಲೆ ಹಾಕುವ ತಾಳವನ್ನು ಪಕ್ಕದ ಕುರ್ಚಿಯವರು ನೋಡಿ, ಸ್ವಲ್ಪ ಹೊತ್ತಿಗೆ ಬೇರೆ ಕುರ್ಚಿಗೆ ಹೋಗುವುದನ್ನು ಅವರು ಬಹುಕಾಲದಿಂದ ಗಮನಿಸಿದ್ದರೆಂದು ಕಾಣುತ್ತದೆ.

ಸಮಿತಿಯ ರಚನೆಯಾದ ಸುದ್ದಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಹರಡಿದ್ದೇ ತಡ, ದಾನಗಳು ಧಾರೆಧಾರೆಯಾಗಿ ಬರತೊಡಗಿದವು. ಪ್ರಕೃತಿ, ತಾಯಿ, ವಿಶ್ವಶಾಂತಿ, ರಾಷ್ಟ್ರಭಕ್ತಿ, ಕನ್ನಡಾಂಬೆ, ಪರಿಸರ ಸಂರಕ್ಷಣೆ, ಗುರುಮಹಿಮೆ, ನಾಳಿನ ಭಾರತ. ಒಂದಕ್ಕಿಂತ ಒಂದು ಘನವಾದದ್ದು, ಒಂದಕ್ಕಿಂತ ಒಂದು ನಿರಾಕ್ಷೇಪಣೀಯವಾದದ್ದು. ‘ತಾಯಿ ಬೇಡ’ ಎಂದು ಸಭ್ಯ ಗೃಹಸ್ಥನಾದವನು ಹೇಳುವುದಾದರೂ ಹೇಗೆ? ‘ವಿಶ್ವಶಾಂತಿಗೆ ನನ್ನ ವಿರೋಧವಿದೆ’ ಎಂದು ಟೈಪು ಮಾಡಿ ಕೆಳಗೆ ಹೆಸರು ಹಾಕುವ ಧೈರ್ಯ ಯಾರಿಗಿದೆ? ಘನವಿಷಯಗಳ ದೊಡ್ಡ ಅನುಕೂಲವೇ ಇದು: ಅವುಗಳನ್ನು ಸೂಚಿಸುವವನು ತಾನೂ ಸ್ವಲ್ಪ ಘನವಾಗಿ ಕಾಣುತ್ತಾನೆ, ಮತ್ತು ಅವನನ್ನು ಯಾರೂ ಎದುರಿಸಲಾರರು.

ಆದರೆ ಹಿಂದಿನ ಸಲದ ಅನುಭವ ನಮ್ಮ ಬೆನ್ನ ಹಿಂದೆಯೇ ನಿಂತಿತ್ತು. ಆಗಿನ ವಿಷಯ ‘ಪ್ರಕೃತಿ’. ಬಂದ ಹಾಡುಗಳಲ್ಲೆಲ್ಲ ಮಳೆಯು ತಪ್ಪದೆ ಅಮೃತವರ್ಷಿಣಿಯಲ್ಲಿಯೇ ಸುರಿಯಿತು. ಕೋಗಿಲೆಗಳು ವಸಂತ ರಾಗವನ್ನು ಬಿಟ್ಟು ಕದಲಲಿಲ್ಲ. ಹಸಿರು ಸೀರೆಯನ್ನುಟ್ಟ ಭೂಮಾತೆಯು ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಕಂಠಗಳಲ್ಲಿ, ಒಂದೇ ಸೀರೆಯಲ್ಲಿ ಬಂದಳು. ನಡುವೆ ಒಂದು ಕೃತಿ ಮಾತ್ರ ನಮ್ಮೆಲ್ಲರನ್ನೂ ಎಚ್ಚರಿಸಿತು. ಹಂಸಧ್ವನಿಯಲ್ಲಿ ಗಂಭೀರವಾಗಿ ಆರಂಭವಾಗಿ, ಪಲ್ಲವಿಯಲ್ಲಿ ‘ವನರಾಜ’ನನ್ನು ಸಂಬೋಧಿಸಿ, ಅನುಪಲ್ಲವಿಯಲ್ಲಿ ಅವನ ವಿಶಾಲವಾದ ಉದರವನ್ನು ಹೊಗಳಿ, ಚರಣದಲ್ಲಿ ಅವನ ಕೈಗೆ ಮೋದಕವನ್ನು ಕೊಟ್ಟಿದ್ದ ಆ ರಚನೆಯಲ್ಲಿ, ವಿಘ್ನರಾಜನು ವನರಾಜನಾದದ್ದು ಸ್ಪರ್ಧೆಯ ಪ್ರಕಟಣೆ ಹೊರಟ ಮೇಲೆಯೇ ಎಂಬುದರಲ್ಲಿ ಸಂದೇಹವಿರಲಿಲ್ಲ. ಪಾಪ, ಪೆಟ್ಟಿಗೆಯಲ್ಲಿ ಮೊದಲೇ ಸಿದ್ಧವಾಗಿದ್ದ ಗಣೇಶಸ್ತುತಿ. ಹೆಸರನ್ನು ಬದಲಾಯಿಸಿದ ಕವಿಗೆ ಮೋದಕವನ್ನು ತೆಗೆಯಲು ಮನಸ್ಸಾಗಲಿಲ್ಲ. ನಾನು ಆ ಹಾಡಿಗೆ ಬಹುಮಾನ ಬರಲೆಂದು ಹಾರೈಸಿದೆ. ಅದರಲ್ಲಿ ಉಳಿದವುಗಳಲ್ಲಿಲ್ಲದ ಒಂದು ಜೀವ, ಹೊಟ್ಟೆಯಿದ್ದ ಒಂದು ವ್ಯಕ್ತಿ, ಇತ್ತು. ವಿಷಯವು ವಿಶಾಲವಾದಷ್ಟೂ ಅದರೊಳಕ್ಕೆ ಯಾವ ಹಾಡನ್ನಾದರೂ ನುಗ್ಗಿಸಬಹುದೆಂಬ ತತ್ತ್ವವು ನನಗೆ ಪ್ರಥಮವಾಗಿ ಹೊಳೆದದ್ದು ಆ ಮೋದಕದಿಂದಲೇ.

ಸಮಿತಿಯ ಆನ್‌ಲೈನ್ ಸಭೆಯಲ್ಲಿ ವೀಣೆಯ ವಿದುಷಿಯವರು ಇದನ್ನೆಲ್ಲ ಬಹಳ ಹೊತ್ತು ಮ್ಯೂಟಿನಲ್ಲಿಯೇ ಕೇಳಿ, ಕೊನೆಗೆ ತುಟಿ ಅಲ್ಲಾಡಿಸಿದರು. ಹುಡುಗನು ‘ಅಮ್ಮಾ, ಮ್ಯೂಟ್ ತೆಗೀರಿ’ ಎಂದು ಎಂದಿನಂತೆ ಬಿನ್ನವಿಸಿಕೊಂಡ ಮೇಲೆ ಅವರ ಧ್ವನಿ ಕೇಳಿಸಿತು. ‘ವಿಷಯ ಕೊಡುವುದನ್ನು ನಾಲ್ವಡಿಯವರಿಂದ ಕಲಿಯಬೇಕು’ ಎಂದರು. ಅವರು ಹೇಳಿದ್ದು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ಪ್ರಸಂಗ. ಮೈಸೂರಿನ ಆಸ್ಥಾನವನ್ನು ಸೇರಿದ ಆ ತಮಿಳು ವಿದ್ವಾಂಸರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಸಿದ ಕೆಲಸವು ‘ದೇವಿಯನ್ನು ಕುರಿತು ಏನಾದರೂ ರಚಿಸಿರಿ’ ಎಂಬಷ್ಟು ಸಡಿಲವಾದುದಾಗಿರಲಿಲ್ಲ. ಬೆಟ್ಟದ ಚಾಮುಂಡೇಶ್ವರಿಯ ಅಷ್ಟೋತ್ತರದ 108 ನಾಮಗಳು, ನಾಮಕ್ಕೊಂದು ಕೃತಿ, ಅದೂ ಕನ್ನಡದಲ್ಲಿ. ಭಾಗವತರ ಮನೆಮಾತು ಕನ್ನಡವಲ್ಲ. ಸಾಹಿತ್ಯಕ್ಕೆ ದೇವೋತ್ತಮ ಜೋಯಿಸರ ನೆರವು ದೊರೆಯಿತು. ಒಂದೇ ದೇವತೆ, ಒಂದೇ ಬೆಟ್ಟ, ಮೇಲಿಂದ ಮೇಲೆ ಅದೇ ಸ್ತುತಿ. ಎರಡನೆಯ ಡಜನ್ನು ಮುಗಿಯುವಷ್ಟರಲ್ಲಿ ಸಾಮಾನ್ಯನಾದವನು ಮೋದಕವನ್ನು ಬದಲಾಯಿಸದೆ ಹೆಸರನ್ನು ಬದಲಾಯಿಸುವ ದಾರಿಯನ್ನು ಹಿಡಿದಿದ್ದಾನು. ಭಾಗವತರಾದರೋ ಆ ಇಕ್ಕಟ್ಟಿನಲ್ಲಿಯೇ ಒಂದೊಂದು ನಾಮಕ್ಕೂ ಬೇರೆಯ ಮುಖವನ್ನು ಹುಡುಕಿದರು; ಅಪರೂಪದ ರಾಗಗಳನ್ನು ಕರೆತಂದರು; ಇಲ್ಲದಿದ್ದಲ್ಲಿ ತಾವೇ ರಾಗಗಳನ್ನು ಸೃಷ್ಟಿಸಿದರು. ಮೋಹನಕಲ್ಯಾಣಿಯಲ್ಲಿ ಅವರು ರಚಿಸಿದ ಭುವನೇಶ್ವರಿಯ ಕೃತಿಯನ್ನು ಇಂದಿಗೂ ಮೈಸೂರಿನ ಯಾವ ಬೀದಿಯಲ್ಲಿ ಬೇಕಾದರೂ ಸಾಯಂಕಾಲದ ಪಾಠದ ಹೊತ್ತಿಗೆ ಕೇಳಬಹುದು. ಚಿಕ್ಕ ಹುಡುಗಿಯೊಬ್ಬಳು ಅದನ್ನು ಹಾಡುತ್ತಿದ್ದರೆ, ಅದು ಒಂದು ಪಟ್ಟಿಯಲ್ಲಿನ ಒಂದು ನಾಮಕ್ಕೆ ರಚಿತವಾದದ್ದೆಂಬ ನೆನಪೇ ಬಾರದು.

ಅದೇ ಭಾಗವತರ ಇನ್ನೊಂದು ಸಾಹಸವನ್ನು ವಿದುಷಿಯವರು ವೀಣೆಯ ಮೇಲೆ ನುಡಿಸಿಯೇ ತೋರಿಸಿದರು. ಮಧ್ಯಮ ಪಂಚಮಗಳೆರಡನ್ನೂ ವರ್ಜಿಸಿದ ರಾಗ, ಹೆಸರು ನಿರೋಷ್ಠ. ಮ, ಪ ಎಂಬ ಸ್ವರಾಕ್ಷರಗಳೇ ಇಲ್ಲದ ಮೇಲೆ ಸ್ವರ ಹಾಡುವಾಗ ತುಟಿಗೆ ತುಟಿ ತಾಗುವಂತಿಲ್ಲ. ಸಾಹಿತ್ಯದಲ್ಲಿಯೂ ಪವರ್ಗದ ಒಂದಕ್ಷರವೂ ಬಾರದಂತೆ ಕೃತಿಯನ್ನು ಕಟ್ಟಿದ್ದಾರೆ. ಆ ದಿನ ನಾನು ಮನೆಯಲ್ಲಿ ಇದನ್ನು ಪ್ರಯೋಗಿಸಿ ನೋಡುವ ಸಂಕಲ್ಪ ಮಾಡಿ, ತುಟಿ ಸೇರಿಸದೆ ಮಾತನಾಡತೊಡಗಿದೆ. ಇಡ್ಲಿಯನ್ನು ಕೇಳಬಹುದು, ಚಟ್ನಿಯೂ ದೊರೆಯುತ್ತದೆ, ಆದರೆ ಉಪ್ಪಿಟ್ಟಿನ ಆಸೆಯನ್ನು ಬಿಡಬೇಕು. ಇಷ್ಟನ್ನು ಸಹಿಸಿಕೊಂಡೆ. ಆಮೇಲೆ ಕಾಫಿಯ ಹೊತ್ತಾಯಿತು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಮನುಷ್ಯನು ಬೆಳಗಿನ ಹತ್ತು ಗಂಟೆಯ ಸುಮಾರಿಗೆ ‘ಫ’ಕಾರದ ವಿರಹವನ್ನು ತಾಳಿಕೊಳ್ಳಲಾರನು. ಸನ್ನೆಯಿಂದ ಲೋಟವನ್ನೂ, ಹಬೆಯನ್ನೂ, ನೊರೆಯನ್ನೂ ತೋರಿಸಿದೆ. ಮನೆಯಾಕೆ ಬಿಸಿನೀರನ್ನು ತಂದಿಟ್ಟು, ‘ಗಂಟಲು ನೋವೆ?’ ಎಂದು ಕೇಳಿದಳು. ನನ್ನ ನಿರೋಷ್ಠವ್ರತ ಅಲ್ಲಿಗೆ ಭಂಗವಾಯಿತು; ಆದರೆ ನಿಷೇಧವೊಂದು ಮನಸ್ಸಿನ ಮೂಲೆಮೂಲೆಗಳಲ್ಲಿ ಮರೆತು ಕುಳಿತಿದ್ದ ಮಾತುಗಳನ್ನೆಲ್ಲ ಹೇಗೆ ಹುಡುಕಿ ಹೊರಡಿಸುತ್ತದೆಂಬುದು ಚೆನ್ನಾಗಿ ಅರಿವಾಯಿತು. ಅವಧಾನಸಭೆಗಳಲ್ಲಿ ನಿಷೇಧಾಕ್ಷರಿ, ದತ್ತಪದಿ, ಸಮಸ್ಯಾಪೂರಣ ಎಂದು ಪೃಚ್ಛಕರು ಕವಿಯನ್ನು ಕಾಡುವುದನ್ನು ನೋಡಿ ಹಿಂದೆ ನನಗೆ ಕನಿಕರವುಂಟಾಗುತ್ತಿತ್ತು. ಈಗ ಅನಿಸುವುದೇನೆಂದರೆ, ಪೃಚ್ಛಕನು ಒಂದು ಬಾಗಿಲನ್ನು ಮುಚ್ಚಿದಾಗಲೇ ಅವಧಾನಿಗೆ ತನ್ನ ಮನೆಯಲ್ಲಿ ಎಷ್ಟು ಕಿಟಕಿಗಳಿವೆಯೆಂದು ತಿಳಿಯುವುದು.

ಇತಿಹಾಸದ ಪ್ರಾಧ್ಯಾಪಕರಿಗೆ ಮೈಸೂರಿನ ಗಡಿಯೊಳಗೆ ಬಹಳ ಹೊತ್ತು ಇರುವುದು ಸಾಧ್ಯವಾಗುವುದಿಲ್ಲ. ರಾಜರು ವಿಷಯ ಕೊಟ್ಟ ಮಾತು ಬಂದದ್ದೇ ಅವರು 1747ರ ಪಾಟ್ಸ್‌ಡಾಮಿಗೆ ಹೊರಟುಹೋದರು. ಪ್ರಷ್ಯದ ದೊರೆ ಫ್ರೆಡರಿಕನು ವೃದ್ಧನಾದ ಬಾಖನ ಮುಂದೆ ಒಂದು ಸ್ವರಪಂಕ್ತಿಯನ್ನು ಇಟ್ಟು, ಇದನ್ನು ಬೆಳೆಸು ಎಂದನಂತೆ. ಅದರಿಂದ ಬೆಳೆದ ಕೃತಿಗುಚ್ಛವೇ ‘ಮ್ಯೂಸಿಕಲ್ ಆಫರಿಂಗ್’. ಅಲ್ಲಿಂದ ಅವರು ವಿಯೆನ್ನಾಕ್ಕೆ ಬಂದರು. 1819ರಲ್ಲಿ ಆಂಟನ್ ಡಿಯಾಬೆಲ್ಲಿ ಎಂಬ ಪ್ರಕಾಶಕನು ತಾನೇ ರಚಿಸಿದ ಒಂದು ಸಾಧಾರಣ ವಾಲ್ಟ್ಸನ್ನು ಊರಿನ ಹೆಸರಾಂತ ರಚನಕಾರರಿಗೆಲ್ಲ ಕಳಿಸಿ, ಒಬ್ಬೊಬ್ಬರೂ ಇದರ ಮೇಲೆ ಒಂದೊಂದು ವಿಸ್ತರಣವನ್ನು ಬರೆದುಕೊಡಬೇಕೆಂದು ಕೇಳಿದ. ಐವತ್ತು ಮಂದಿ ಒಂದೊಂದನ್ನು ಬರೆದು ಕೊಟ್ಟರು. ಮೊದಮೊದಲು ಆ ಮಟ್ಟನ್ನು ಮೂಗು ಮುರಿದು ದೂರವಿಟ್ಟನೆಂದು ಹೇಳಲಾಗುವ ಬೇಥೋವನ್ ಮಾತ್ರ, ಒಂದನ್ನು ಕೇಳಿದವನಿಗೆ 33ನ್ನು ಕೊಟ್ಟ. 1823ರಲ್ಲಿ ಅಚ್ಚಾದ ಅವು ಪಿಯಾನೋ ಸಾಹಿತ್ಯದ ಶಿಖರಗಳಲ್ಲಿ ಒಂದೆನಿಸಿದವು. ‘ನಾವು ನಡೆಸುತ್ತಿರುವುದೂ ಇದೇ. ಅಂಚೆಯ ಬದಲು ವಾಟ್ಸಾಪ್’ ಎಂದು ಪ್ರಾಧ್ಯಾಪಕರು ಮುಗಿಸಿದರು. ನಮ್ಮ ಕಾರ್ಯದರ್ಶಿಗಳು ಸ್ವಲ್ಪ ಯೋಚಿಸಿ, ‘ಒಬ್ಬರಿಗೆ ಒಂದೇ ಹಾಡು ಎಂದು ನಿಯಮದಲ್ಲಿ ಸೇರಿಸೋಣ. ಮೂವತ್ಮೂರು ಬಂದರೆ ತೀರ್ಪುಗಾರರಿಗೆ ಕಷ್ಟ’ ಎಂದರು. ಆ ನಿಯಮ ಸೇರಿತು. ಆದ್ದರಿಂದ ನಮ್ಮ ಸ್ಪರ್ಧೆಯಿಂದ ಬೇಥೋವನ್ ಹುಟ್ಟುವ ಸಂಭವವನ್ನು ನಾವು ಸರ್ವಾನುಮತದಿಂದ ತಡೆದಂತಾಯಿತು.

ಆದರೆ ಡಿಯಾಬೆಲ್ಲಿಯ ಮಟ್ಟು ನನ್ನ ತಲೆಯಿಂದ ಹೋಗಲಿಲ್ಲ. ವಿಷಯವು ಘನವಾಗಿದ್ದರೆ ಹಾಡೂ ಘನವಾಗುವುದೆಂದು ನಂಬಿದ್ದ ನಮ್ಮ ಗ್ರೂಪಿನ ದಾನಿಗಳು ಆ ಪ್ರಕಾಶಕನನ್ನು ಕ್ಷಮಿಸುತ್ತಿರಲಿಲ್ಲ. ಅವನ ವಾಲ್ಟ್ಸಿಗೆ ವಿಶ್ವಶಾಂತಿಯ ಸೋಂಕಿಲ್ಲ, ತಾಯಿಯಿಲ್ಲ, ಪರಿಸರವಿಲ್ಲ. ಇದ್ದುದೆಲ್ಲ ಒಂದು ಗಟ್ಟಿಯಾದ, ಸಣ್ಣದಾದ, ಎಲ್ಲರೂ ಒಂದೇ ರೀತಿಯಲ್ಲಿ ಮುಟ್ಟಿ ನೋಡಬಹುದಾದ ವಸ್ತು. ಹರಿದಾಸರನ್ನೇ ನೋಡಿ: ಮೋಕ್ಷವನ್ನು ಹಾಡಬೇಕಾದವರು ಮನೆಯ ಮುಂದೆ ನಿಂತು ರಾಗಿಯನ್ನು ಬೇಡುತ್ತಾರೆ, ಕಲ್ಲುಸಕ್ಕರೆಯನ್ನು ಮಾರುತ್ತಾರೆ, ತಂಬೂರಿಯನ್ನು ಮೀಟುತ್ತಾರೆ, ಕೇಳುವವನು ರಾಗಿಯ ಮೊರವನ್ನು ತರಲು ಎದ್ದವನು ಮೋಕ್ಷದ ಹೊಸಿಲಿನಲ್ಲಿ ಎಡವುತ್ತಾನೆ. ಪುರಂದರದಾಸರಿಗೆ ನಮ್ಮ ಸಮಿತಿಯು ‘ಭಕ್ತಿ’ ಎಂದು ವಿಷಯ ಕೊಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ಯೋಚಿಸುವುದಕ್ಕೂ ಭಯವಾಗುತ್ತದೆ.

ವಿಷಯವನ್ನು ಕೊಡುವವರಂತೆಯೇ ಕೊಡದವರೂ ಮೈಸೂರಿನಲ್ಲಿ ಇದ್ದರು. ನಾಲ್ವಡಿಯವರ ಅನಂತರ 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಪಿಯಾನೋ ವಾದಕರಾಗುವ ಆಸೆಯನ್ನು ಸಿಂಹಾಸನಕ್ಕಾಗಿ ಬಿಟ್ಟುಕೊಟ್ಟವರು. ಲಂಡನ್ನಿನಲ್ಲಿ ಅನಾರೋಗ್ಯದಿಂದ ನರಳುತ್ತ, ಜಗತ್ತು ಮರೆತಂತಿದ್ದ ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರನಿಗೆ ಇವರು ಮೈಸೂರಿನಿಂದ ಹಣ ಕಳಿಸಿ, ಅವನ ಕೃತಿಗಳನ್ನು ಅವನ ಕೈಯಿಂದಲೇ ಧ್ವನಿಮುದ್ರಿಸುವ ಏರ್ಪಾಡು ಮಾಡಿದರು; ಇಂಥದ್ದನ್ನು ರಚಿಸು ಎಂಬ ಷರತ್ತಿರಲಿಲ್ಲ. ಆತನು ಕೃತಜ್ಞತೆಯಿಂದ ತನ್ನ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಮಹಾರಾಜರಿಗೆ ಅರ್ಪಿಸಿದ. 1950ರ ಮೇ ತಿಂಗಳಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ, ಆಗತಾನೆ ಹಿಂದಿನ ವರ್ಷ ತೀರಿಕೊಂಡಿದ್ದ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳನ್ನು ಕಿರ್ಸ್ಟೆನ್ ಫ್ಲ್ಯಾಗ್‌ಸ್ಟಾಡ್ ಮೊಟ್ಟಮೊದಲು ಹಾಡಿದಾಗ, ಆ ಕಛೇರಿಯ ಖರ್ಚಿಗೆ ಹೊಣೆ ನಿಂತವರು ಇವರೇ. ಕೇಳಲು ಹೋಗಲಾಗದ ಅರಸರಿಗಾಗಿ ಹಾಡುಗಳನ್ನು ತಟ್ಟೆಗಳ ಮೇಲೆ ಮುದ್ರಿಸಿ ಮೈಸೂರಿಗೆ ಕಳಿಸುವ ಏರ್ಪಾಡೂ ಆಗಿತ್ತು. ಇಷ್ಟು ಉದಾರವಾಗಿ ಇತರರನ್ನು ಅವರವರ ಪಾಡಿಗೆ ಬಿಟ್ಟ ಮನುಷ್ಯ, ತಾನು ರಚಿಸಲು ಕುಳಿತಾಗ ಮಾತ್ರ ತನಗೆ ತಾನೇ ಕಟ್ಟುನಿಟ್ಟಿನ ವಿಷಯವನ್ನು ಕೊಟ್ಟುಕೊಂಡರು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಅವರು ರಚಿಸಿದ 94 ಕೃತಿಗಳೂ ಸಂಸ್ಕೃತದಲ್ಲಿವೆ. ‘ಶ್ರೀವಿದ್ಯಾ’ ಅವರ ಮುದ್ರೆ, ಶ್ರೀವಿದ್ಯೋಪಾಸನೆಯೇ ಅವುಗಳ ಉಸಿರು. ರಾಗಗಳಲ್ಲಿ ಅನೇಕವು ಹಿರಿಯ ವಿದ್ವಾಂಸರೂ ಲಕ್ಷಣಗ್ರಂಥವನ್ನು ತೆರೆದು ನೋಡಬೇಕಾದಂಥವು. ಇತರರಿಗೆ ಕೊಡುವಾಗ ಸಡಿಲ, ತನಗೆ ಕೊಟ್ಟುಕೊಳ್ಳುವಾಗ ಬಿಗಿ. ನಮ್ಮ ಸಮಿತಿಯವರು ಇದನ್ನು ತಲೆಕೆಳಗು ಮಾಡಿ ಆಚರಿಸುತ್ತಿದ್ದೇವೆಂಬ ಸಂಗತಿ ನನಗೆ ಆಗ ಹೊಳೆದರೂ, ಹೇಳಲಿಲ್ಲ. ಸಭೆ ಸೌಹಾರ್ದದಿಂದ ನಡೆಯುತ್ತಿತ್ತು.

ವಿಷಯದ ಚರ್ಚೆಗೆ ವಿರಾಮ ಬೇಕಾದಾಗ ನಾವು ನಿಯಮಗಳನ್ನು ಚರ್ಚಿಸುತ್ತಿದ್ದೆವು. ಹಾಡು ಮೂರು ನಿಮಿಷಗಳನ್ನು ಮೀರಬಾರದೆಂದು ಹುಡುಗನು ಹೇಳಿದಾಗ ವಿದುಷಿಯವರು ನೊಂದುಕೊಂಡರು: ಮೂರು ನಿಮಿಷದಲ್ಲಿ ಶ್ರುತಿ ಸೇರುವುದೆಂತು, ರಾಗದ ಮುಖ ಕಾಣುವುದೆಂತು? ಪ್ರಾಧ್ಯಾಪಕರು ಸಮಾಧಾನ ಹೇಳಿದರು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನ ಅಳತೆಯೂ ಹೆಚ್ಚು ಕಡಿಮೆ ಅಷ್ಟೇ ಆಗಿತ್ತು. ವಿದ್ವಾಂಸರು ಅದರಲ್ಲೇ ಆಲಾಪನೆ, ಕೃತಿ, ಸ್ವರಗಳನ್ನು ಮಡಿಸಿಟ್ಟರು. ಸರ್ಕಾರವೂ 2022ರಲ್ಲಿ ನಮ್ಮ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಮಟ್ಟಿನಲ್ಲಿ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಿ ಮುಗಿಸಬೇಕೆಂದು ಆದೇಶ ಹೊರಡಿಸಿತು. ಒಂಟಿಕೊಪ್ಪಲಿನ ಉದಯರವಿಯಲ್ಲಿ ಬಾಳಿದ ಕವಿಯ ಒಂದೇ ಗೀತೆಗೆ ಯಾವ ಮಟ್ಟು ಸರಿಯೆಂದು ನಾಡೆಲ್ಲ ವರ್ಷಗಟ್ಟಲೆ ವಾದಿಸಿತೆಂದರೆ, ಒಂದು ವಿಷಯಕ್ಕೆ ಹಲವು ಹಾಡುಗಳಿರುವಂತೆ ಒಂದು ಹಾಡಿಗೂ ಹಲವು ಮಟ್ಟುಗಳಿವೆಯೆಂದೂ, ಸ್ಪರ್ಧೆಯ ಪ್ರಕಟಣೆ ಹೊರಡದೆಯೂ ಸ್ಪರ್ಧೆ ನಡೆಯುತ್ತದೆಂದೂ ಅರ್ಥವಲ್ಲವೆ?

ಮುಂದೆ ಹೆಸರಿನ ಪ್ರಶ್ನೆ ಬಂದಿತು. ಹಿಂದಿನ ಸಲ ಬಹುಮಂದಿ ಸ್ಪರ್ಧಿಗಳು ಹಾಡಿನ ಮೊದಲು ಹೆಸರು, ಊರು, ಗುರುಪರಂಪರೆ, ಕೆಲವರು ಪಿನ್‌ಕೋಡನ್ನೂ ಸಾರಿದ್ದರು. ಈ ಸಲ ಅದು ಕೂಡದೆಂದು ತೀರ್ಮಾನವಾಯಿತು. ನನಗೆ ಇದರಿಂದ ಸ್ವಲ್ಪ ಬೇಸರವಾಯಿತು, ಏಕೆಂದರೆ ಗೌಹರ್ ಜಾನ್ ನೆನಪಾದರು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಆ ಗಾಯಕಿ, ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ದೂರದ ಜರ್ಮನಿಯ ಕಾರ್ಖಾನೆಯಲ್ಲಿ ತಟ್ಟೆಗಳನ್ನು ಅಚ್ಚೊತ್ತುವವರಿಗೆ ಇದು ಯಾರ ದನಿಯೆಂದು ತಿಳಿಯಬೇಕಾಗಿತ್ತು. ಅಷ್ಟು ಠೀವಿಯಿಂದ ಹೆಸರನ್ನು ಹೇಳಿಕೊಂಡ ಆಕೆ, 1928ರಲ್ಲಿ ಮೈಸೂರಿನ ಆಸ್ಥಾನದ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಈ ಊರಿನಲ್ಲಿಯೇ ತೀರಿಕೊಂಡರು. ಕಾಣದ ಶ್ರೋತೃವನ್ನು ನಂಬಿ ಹಾಡುವುದು ನಮ್ಮ ಊರಿಗೆ ಇಂದಿನ ಸಂಗತಿಯಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರಯಂತ್ರವನ್ನು ಹೂಡಿ ‘ಆಕಾಶವಾಣಿ’ಯನ್ನು ಆರಂಭಿಸಿದಾಗ, ಅದರ ಮುಂದೆ ಕುಳಿತು ಹಾಡಿದವರ ಕಷ್ಟವೂ ಇದೇ ಆಗಿದ್ದಿರಬೇಕು: ಎದುರಿಗೆ ತಲೆದೂಗುವ ತಲೆಯಿಲ್ಲ, ಭಲೆ ಎನ್ನುವ ಬಾಯಿಲ್ಲ. ನಮ್ಮ ಸ್ಪರ್ಧಿಗಳಿಗಾದರೂ ಕೊನೆಯಲ್ಲಿ ಹಳದಿ ಮುಖದ ಚಪ್ಪಾಳೆಗಳು ದೊರೆಯುತ್ತವೆ.

ಹೀಗೆ ಪಾಟ್ಸ್‌ಡಾಮ್, ವಿಯೆನ್ನಾ, ಲಂಡನ್, ಕಲ್ಕತ್ತೆಗಳನ್ನು ಸುತ್ತಿ ಬಂದ ಸಮಿತಿಯು, ಕೊನೆಗೆ ಮನೆಯಿಂದ ನಡೆದು ಹೋಗಬಹುದಾದ ದೂರದಲ್ಲಿ ತನ್ನ ವಿಷಯವನ್ನು ಕಂಡುಕೊಂಡಿತು: ‘ಬೆಳಗಿನ ದೇವರಾಜ ಮಾರುಕಟ್ಟೆ’. ಸೂಚನೆ ವಿದುಷಿಯವರದು. ಕಾರ್ಯದರ್ಶಿಗಳು ಆಕ್ಷೇಪಿಸಿದರು: ಅಮೆರಿಕದಲ್ಲಿರುವವರು, ಮಾರುಕಟ್ಟೆಯನ್ನೇ ನೋಡದವರು, ಏನು ಮಾಡಬೇಕು? ‘ವಿಶ್ವಶಾಂತಿಯನ್ನು ಯಾರು ನೋಡಿದ್ದಾರೆ?’ ಎಂದು ವಿದುಷಿಯವರು ಕೇಳಿದ ಮೇಲೆ ಆಕ್ಷೇಪ ಬಿದ್ದುಹೋಯಿತು. ಇದರ ಜೊತೆಗೆ, ಬಯಸುವವರು ಪವರ್ಗವಿಲ್ಲದೆ ಸಾಹಿತ್ಯವನ್ನು ರಚಿಸಬಹುದೆಂದೂ ನನ್ನ ಒತ್ತಾಯದಿಂದ ಒಂದು ಉಪನಿಯಮ ಸೇರಿತು. ‘ಮಾರುಕಟ್ಟೆ’ ಎಂಬ ಮಾತಿನ ಮೊದಲಕ್ಷರವೇ ಅದಕ್ಕೆ ಅಡ್ಡ ಬರುತ್ತದೆಂಬುದು ಪ್ರಕಟಣೆ ಹೊರಟ ಮೇಲೆ ತಿಳಿಯಿತು. ಅಷ್ಟಾದರೂ ಒಬ್ಬ ಸಾಹಸಿ ಮಾರುಕಟ್ಟೆಯನ್ನು ಸಂತೆಯೆಂದು ಕರೆದು, ಮಲ್ಲಿಗೆಯನ್ನು ಕೈಬಿಟ್ಟು ಜಾಜಿಯನ್ನು ಹಿಡಿದು, ನಂಜನಗೂಡಿನ ರಸಬಾಳೆಗೆ ವಿದಾಯ ಹೇಳಿ ವೀಳ್ಯದೆಲೆಯ ನೆರಳಿನಲ್ಲಿ ತುಟಿ ತಾಗಿಸದೆ ಚರಣವನ್ನು ಮುಗಿಸಿದ.

ಬಂದ ಹಾಡುಗಳಲ್ಲಿ ಈ ಸಲ ಒಂದೂ ಮೋದಕವಿರಲಿಲ್ಲ. ಕಾಸರಗೋಡಿನ ಕಡೆಯ ಒಬ್ಬರು ಯಕ್ಷಗಾನದ ಭಾಗವತಿಕೆಯ ವರಸೆಯಲ್ಲಿ ಬದನೆಕಾಯಿಯ ಚೌಕಾಸಿಯನ್ನು ಯುದ್ಧಪ್ರಸಂಗದಂತೆ ಹಾಡಿದರು. ಸಮುದ್ರದಾಚೆಯಿಂದ ಒಬ್ಬ ಹುಡುಗಿ, ಮಾರುಕಟ್ಟೆಯನ್ನು ತಾನು ಕಂಡಿಲ್ಲವೆಂಬುದನ್ನೇ ಪಲ್ಲವಿ ಮಾಡಿ, ಅಜ್ಜಿಯು ಫೋನಿನಲ್ಲಿ ಹೇಳಿದ ಕುಂಕುಮದ ಗೋಪುರಗಳನ್ನೂ ಅಗರಬತ್ತಿಯ ಸಾಲನ್ನೂ ಚರಣಗಳಲ್ಲಿ ಜೋಡಿಸಿದ್ದಳು. ಆದರೆ ಸಮಿತಿಯನ್ನು ಎರಡು ಪಕ್ಷವಾಗಿ ಒಡೆದದ್ದು ಮಾರುಕಟ್ಟೆಯ ಹತ್ತಿರದಿಂದಲೇ ಬಂದ, ಮಧ್ಯವಯಸ್ಸಿನ ಗಂಡಸಿನ ದನಿಯ ಒಂದು ಹಾಡು. ವಿಷಯ, ಹೂವಾಡಗಿತ್ತಿ ಮಲ್ಲಿಗೆಯ ದಂಡೆಯನ್ನು ಅಳೆಯುವುದು. ಆಕೆ ಎಡಗೈಯ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ದಂಡೆಯನ್ನು ಚಾಚಿ, ಒಂದು ಮೊಳವೆನ್ನುತ್ತಾಳೆ. ಮಡಿಸಿ, ಎರಡು ಎನ್ನುತ್ತಾಳೆ. ಕತ್ತರಿಸುವ ಮುನ್ನ ಗಿರಾಕಿಯ ಮುಖವನ್ನೊಮ್ಮೆ ನೋಡಿ, ಹೆಬ್ಬೆರಳಿನಿಂದ ದಂಡೆಯನ್ನು ನಾಲ್ಕು ಹೂವಿನಷ್ಟು ಮುಂದಕ್ಕೆ ಜಾರಿಸಿ ಆಮೇಲೆ ದಾರವನ್ನು ಹರಿಯುತ್ತಾಳೆ. ಅದು ಕೊಸರು. ರಚನಕಾರನು ಒಂದೊಂದು ಆವರ್ತವನ್ನೂ ಒಂದೊಂದು ಮೊಳವಾಗಿ ಹಾಡುತ್ತ ಬಂದು, ಕೊನೆಯ ಆವರ್ತದಲ್ಲಿ ಮುಖ ನೋಡುವಷ್ಟು ಹೊತ್ತು ನಿಲ್ಲಿಸಿ, ಅರ್ಧ ಅಕ್ಷರವನ್ನು ಹೆಚ್ಚಾಗಿ ಕೊಟ್ಟು ಮುಗಿಸಿದ್ದ.

‘ತಾಳ ತಪ್ಪಿದೆ’ ಎಂದರು ಕಾರ್ಯದರ್ಶಿಗಳು. ಅವರು ಬೆರಳಿನಲ್ಲಿ ಎಣಿಸಿದ್ದರು. ಲೆಕ್ಕದ ಪ್ರಕಾರ ಅವರ ಮಾತು ಸರಿಯಾಗಿತ್ತು. ಅರ್ಧ ಅಕ್ಷರ ಎಲ್ಲಿಯೂ ಜಮೆಯಾಗುವಂತಿರಲಿಲ್ಲ. ವಿದುಷಿಯವರು ಹಾಡನ್ನು ಇನ್ನೊಮ್ಮೆ ಹಾಕಿಸಿ, ಕಣ್ಣು ಮುಚ್ಚಿ ಕೇಳಿ, ‘ತಪ್ಪಿಲ್ಲ, ಕೊಸರು’ ಎಂದರು. ಪ್ರಾಧ್ಯಾಪಕರು ಬೇಥೋವನ್ನನನ್ನು ಸಾಕ್ಷಿಗೆ ಕರೆದರು. ಹುಡುಗನು ತನ್ನ ಯಂತ್ರದಲ್ಲಿ ಅಳೆದು ಆ ಅರ್ಧ ಅಕ್ಷರವು ನಿಜವಾಗಿಯೂ ಅರ್ಧವೇ ಇದೆಯೆಂದು, ಅಂದರೆ ಅಜಾಗರೂಕತೆಯಿಂದ ಆದದ್ದಲ್ಲವೆಂದು, ಪ್ರಮಾಣಪತ್ರ ಕೊಟ್ಟ. ನಾನು ತೊಡೆಯ ಮೇಲೆ ತಾಳ ಹಾಕಿ ನೋಡಿದೆ. ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಹಾಡು ನನ್ನ ತಾಳದ ಜೊತೆಯಲ್ಲಿಯೇ ಮುಗಿದಂತೆ ಕಂಡಿತು. ಅದರಿಂದಾಗಿ ನನ್ನ ಮತವೂ ಆ ಕಡೆಗೇ ಬಿದ್ದಿತು. ಆ ಮನುಷ್ಯನಿಗೆ ನಾವು ‘ಪ್ರಕೃತಿ’ ಎಂದು ಬರೆದು ಕೊಟ್ಟಿದ್ದರೆ ಅವನೂ ಭೂಮಾತೆಗೆ ಹಸಿರು ಸೀರೆಯನ್ನುಡಿಸಿ ಕೈಮುಗಿಯುತ್ತಿದ್ದನೆಂಬುದರಲ್ಲಿ ನನಗೆ ಸಂಶಯವಿಲ್ಲ. ಹೂವಾಡಗಿತ್ತಿಯ ಹೆಬ್ಬೆರಳು ಅವನ ಮನಸ್ಸಿನಲ್ಲಿಯೇ ಉಳಿದುಹೋಗುತ್ತಿತ್ತು.

ಈ ಯಶಸ್ಸಿನಿಂದ ಉತ್ತೇಜಿತರಾದ ದಾನಿಗಳು ಮುಂದಿನ ವರ್ಷಕ್ಕೆಂದು ಈಗಾಗಲೇ ಗ್ರೂಪಿನಲ್ಲಿ ಸಣ್ಣ ವಿಷಯಗಳನ್ನು ಸುರಿಯತೊಡಗಿದ್ದಾರೆ: ಕನ್ನಡ ಅಂಕಿಗಳ ದೊಡ್ಡ ಗಡಿಯಾರ, ಬೆಟ್ಟದ ಮೆಟ್ಟಿಲು, ಟಾಂಗಾದ ಕುದುರೆ, ಮೈಸೂರುಪಾಕಿನ ತುಪ್ಪ. ಘನವಿಷಯಗಳಂತೆಯೇ ಇವುಗಳಿಗೂ ಕೊನೆಯಿಲ್ಲವೆಂದು ತೋರುತ್ತದೆ. ಕಾರ್ಯದರ್ಶಿಗಳು ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ ಸಮಿತಿಯ ಮುಂದಿಟ್ಟಾಗ, ವೀಣೆಯ ವಿದುಷಿಯವರು ಈ ಸಲ ಮ್ಯೂಟನ್ನು ತಾವೇ ತೆಗೆದು, ಮುಂದಿನ ಸಲ ವಿಷಯವನ್ನು ಸ್ಪರ್ಧಿಗಳು ಕೊಡಲಿ, ಹಾಡನ್ನು ಸಮಿತಿಯ ಸದಸ್ಯರು ಕಟ್ಟಲಿ, ಒಬ್ಬೊಬ್ಬರಿಗೂ ಮೂರು ನಿಮಿಷ ಎಂಬ ನಿರ್ಣಯವನ್ನು ಮಂಡಿಸಿದರು. ಒಂದು ಕ್ಷಣ ಯಾರ ಪರದೆಯಲ್ಲಿಯೂ ಚಲನವಿರಲಿಲ್ಲ. ಆಮೇಲೆ ಪ್ರಾಧ್ಯಾಪಕರ ಮನೆಯಲ್ಲಿ ಕರೆಂಟು ಹೋಯಿತು, ಕಾರ್ಯದರ್ಶಿಗಳ ನೆಟ್‌ವರ್ಕ್ ಕಡಿದುಹೋಯಿತು, ನಾನು ಕ್ಯಾಮೆರಾವನ್ನು ಆರಿಸಿದೆ. ನಡವಳಿಯ ಪುಸ್ತಕದಲ್ಲಿ ಆ ನಿರ್ಣಯದ ಮುಂದೆ ‘ಕೋರಂ ಇಲ್ಲದ ಕಾರಣ ಮುಂದೂಡಲಾಗಿದೆ’ ಎಂದು ನಮೂದಾಗಿದೆ.